ಅಡುಗೆಮನೆಯ ಬೀಗದ ಕೈ

ಡಾಕ್ಟರ ಕೋಣೆಯಿಂದ ಬಲಪಕ್ಕೆ ಒತ್ತಿ ಹಿಡಿದುಕೊಂಡು ಬಂದ ಹೆಂಗಸು, ಬೆಂಚಿನಲ್ಲಿ ಕಾಯುತ್ತಿದ್ದ ಅಕ್ಕನ ಪಕ್ಕ ಕುಸಿದು ಕುಳಿತಳು. ಅಕ್ಕ ತನ್ನ ಮಾಂಸದಂಗಡಿಯಿಂದ ಹಾಗೇ ಓಡಿಬಂದಿದ್ದಳು. ಉಗುರುಸಂದಿಯಲ್ಲಿ ಇನ್ನೂ ರಕ್ತವಿತ್ತು. ಅದೇ ಬೆಂಚಿನ ತುದಿಯಲ್ಲಿದ್ದ ಟೈಲರೊಬ್ಬ ಪೇಪರ್ ಓದುವ ನೆಪದಲ್ಲಿ ಕಿವಿ ನೆಟ್ಟಗೆ ಮಾಡಿದ.

"ಪಿತ್ತಕೋಶದ ತುಂಬ ಕಲ್ಲಂತೆ, ಅಕ್ಕ."

"ಎರಡು ತಿಂಗಳಿಂದ ಏನೇ ತಿಂತಿದ್ದೆ?"

"ದಪ್ಪ ಆಗಿದೀಯ ಅಂತ ನಮ್ಮನೆಯವರು ಕೊಡ್ತಿದ್ದಿದ್ದು ಬರೀ ಬೇಯಿಸಿದ ತರಕಾರಿ ನೀರು. ಇಪ್ಪತ್ತು ಕೆಜಿ ಇಳಿದೆ."

"ಜಿಡ್ಡು?"

"ಒಂದು ಚಮಚ ಎಣ್ಣೆ ಹಾಕ್ಕೊಂಡಿದ್ದಕ್ಕೆ ಕಪಾಳಕ್ಕೆ ಬಾರಿಸಿ, ಅಡುಗೆಮನೆಗೇ ಬೀಗ ಜಡಿದ್ರು."

"ಡಾಕ್ಟರು ಏನಂದ್ರು?"

"ಹೊಟ್ಟೆಗೆ ಜಿಡ್ಡೇ ಹೋಗದಿದ್ರೆ ಪಿತ್ತಕೋಶ ಹಿಂಡ್ಕೊಳ್ಳಲ್ವಂತೆ. ಪಿತ್ತ ಅಲ್ಲೇ ನಿಂತು ಕಲ್ಲಾಗುತ್ತಂತೆ."

"ದಿನಾ ಹತ್ತು ಕುರಿ ಕೊಯ್ತೀನಿ. ಪಿತ್ತ ಒಡೀದ ಹಾಗೆ ಲಿವರ್ ಬಿಡಿಸ್ತೀನಿ. ನಿನ್ನ ಗಂಡನದ್ದು ಒಡೆದೇ ಬಿಡಿಸ್ತೀನಿ."

"ಮೆಲ್ಲಗೆ, ಅಕ್ಕ!"

"ಬೀಗದ ಕೈ ಎಲ್ಲಿಟ್ಕೊಂಡಿದಾನೆ?"

"ಸೊಂಟಕ್ಕೆ ಸಿಗಿಸ್ಕೊಂಡಿರ್ತಾರೆ."

"ಹಾಗಾದ್ರೆ ಸೊಂಟದಿಂದ್ಲೇ ಶುರು."

ಅಕ್ಕ ಎದ್ದು ದಾಪುಗಾಲು ಹಾಕಿದಳು. ತಂಗಿ ನೋವಿನಲ್ಲೇ ಹಿಂದೆ ಓಡಿ ಬಾಗಿಲ ಬಳಿ ಅವಳ ತೋಳು ಹಿಡಿದಳು. ಸದ್ಯ, ತಡೆದಳಲ್ಲ ಎಂದು ಟೈಲರ್ ಉಸಿರುಬಿಟ್ಟ.

"ಬೀಗದ ಕೈ ಸೊಂಟದ ಬಲಗಡೆ, ಅಕ್ಕ," ಎಂದಳು ತಂಗಿ. ಇಬ್ಬರೂ ಒಟ್ಟಿಗೆ ಮೆಟ್ಟಿಲಿಳಿದು ಹೋದರು.