ವಿಮಾನದ ನಂಬರ್

ಕ್ಯಾತ್ಸಂದ್ರ ಸ್ಟೇಷನ್ನಿನ ಟಿಕೆಟ್ ಸಾಲಿನಲ್ಲಿ ಸ್ವರ್ಣಲತಾಳ ಮುಂದೆ ಅವಳ ಬೀದಿಯ ಪೇಂಟರ್ ಬೆಟ್ಟಸ್ವಾಮಿ ನಿಂತಿದ್ದ. ನಿಟ್ಟೂರಿಗೆ ಹೊರಟಿದ್ದ ಬಾಮೈದ ಚೌಡಪ್ಪನನ್ನು ರೈಲು ಹತ್ತಿಸಲು ಬಂದಿದ್ದ. ಇಬ್ಬರ ಮಾತೂ ಅವಳಿಗೆ ಕೇಳಿಸುತ್ತಿತ್ತು.

“ನಮ್ಮೂರ ಹನುಮಂತರಾಜು ಶೆಡ್ಡಲ್ಲೇ ವಿಮಾನ ಕಟ್ಟವ್ನೆ, ಭಾವ.”

“ಗೊತ್ತು ಕಣೋ. ಅವನ ಮೊದಲ್ನೇ ಮೋಪೆಡ್ಡಿಗೆ ನಂಬರ್ ಬರೆದೋನು ನಾನು. ವಿಮಾನಕ್ಕೆ ಮಾತ್ರ ಸ್ಟಿಕ್ಕರ್ ಅಂಗಡಿಯೋನು ಬೇಕಾದ್ನಾ?”

“ವಿಮಾನದ ಇಲಾಖೆ ಸಾಹೇಬ್ರು ಒಪ್ಪಲಿಲ್ಲ. ರೆಕ್ಕೆ ಕೆಳಗಿನ ಅಕ್ಷರ ಚಿಕ್ಕದಾಯ್ತಂತೆ. ಕಿತ್ತಾಕಿ, ದೊಡ್ಡದಾಗಿ ಬರೆಸು ಅಂದ್ರಂತೆ.”

ಬೆಟ್ಟಸ್ವಾಮಿಯ ಮುಖ ಅರಳಿತು. “ಹಂಗೇ ಆಗ್ಬೇಕು!”

“ನಿಮ್ಮನ್ನ ಕರ್ಕಂಡ್ ಬಾ ಅಂದವ್ನೆ.”

“ಈಗ ನಾನು ನೆನಪಾದ್ನಾ? ನಾನು ಬರಲ್ಲ, ಬುಡು.”

ಅಷ್ಟರಲ್ಲಿ ಕೌಂಟರ್ ಬಂತು. ಬೆಟ್ಟಸ್ವಾಮಿಯೇ ಕಿಂಡಿಯೊಳಗೆ ಕೈ ಹಾಕಿದ. “ನಿಟ್ಟೂರಿಗೆ ಎರಡು ಕೊಡಿ.”

ಚೌಡಪ್ಪ ಅವನ ಮುಖ ನೋಡಿದ.

“ಎಷ್ಟೆತ್ತರ ಬರೀಬೇಕಂತೆ?” ಎಂದು ಕೇಳುತ್ತಾ ಬೆಟ್ಟಸ್ವಾಮಿ ಪ್ಲಾಟ್‌ಫಾರಂ ಕಡೆ ನಡೆದ.