ಎರಡು ದಿನ ಸೈಕಲ್ ಬೇಡ

ಮಗಳ ಜ್ವರದ ರಿಪೋರ್ಟಿಗೆ ಕಾಯುತ್ತ ಲ್ಯಾಬಿನ ಬೆಂಚಿನ ಮೇಲೆ ತೂಕಡಿಸುತ್ತಿದ್ದೆ. ಪಕ್ಕದಲ್ಲಿ ಒಬ್ಬ ಪೋಸ್ಟ್‌ಮ್ಯಾನ್, ಜೊತೆಗೆ ಅವನ ಅಕ್ಕನ ಗಂಡ. ಪ್ರಾಸ್ಟೇಟ್ ಕ್ಯಾನ್ಸರ್ ಇದೆಯೇ ಎಂದು ನೋಡುವ ರಕ್ತಪರೀಕ್ಷೆ ಪೋಸ್ಟ್‌ಮ್ಯಾನ್‌ಗೆ ಬೇಕೋ ಬೇಡವೋ ಎಂಬ ಮಾತು ನಡೆದಿತ್ತು.

“ಆರಾಮಾಗಿರೋನಿಗೆ ಟೆಸ್ಟ್ ಯಾಕಯ್ಯ? ನನ್ನ ನೋಡು. ನಂಬರ್ ಜಾಸ್ತಿ ಬಂತು, ಸೂಜಿ ಚುಚ್ಚಿದ್ರು, ಆಪರೇಷನ್ ಮಾಡಿದ್ರು. ಈಗ ಸೀನಿದ್ರೆ ಚಡ್ಡಿ ಒದ್ದೆ.”

“ಜೀವ ಉಳೀತಲ್ಲ ಭಾವ.”

“ಅದನ್ನೇ ಹೇಳೋಕಾಗಲ್ಲ. ನಿಧಾನಕ್ಕೆ ಬೆಳೆಯೋ ಜಾತಿ, ಬಿಟ್ಟಿದ್ರೂ ಏನೂ ಆಗ್ತಿರಲಿಲ್ಲವೇನೋ ಅಂತ ಡಾಕ್ಟರೇ ಅಂದ್ರು.”

“ನಮ್ಮಪ್ಪಂದು ಮೂಳೆಗೆ ಹೋದಮೇಲೆ ಗೊತ್ತಾಯ್ತು. ಸೊಂಟನೋವು ಅಂತ ಎಣ್ಣೆ ತಿಕ್ತಾ ಕೂತಿದ್ವಿ.”

ಭಾವ ದನಿ ತಗ್ಗಿಸಿದರು.

“ಮಕ್ಕಳ ಬಟ್ಟೆ ಒಗೆದು ಮುಗೀತು, ಈಗ ನಿಮ್ಮದು ಶುರು ಅಂತಾಳೆ ನಿಮ್ಮಕ್ಕ.”

“ಅಮ್ಮನಿಗೆ ಒಗೆಯೋಕೆ ಅಪ್ಪನ ಬಟ್ಟೆನೇ ಉಳೀಲಿಲ್ಲ ಭಾವ.”

ಕೌಂಟರಿನಾಕೆ ಪೋಸ್ಟ್‌ಮ್ಯಾನ್‌ನನ್ನು ಕರೆದಳು. “ಹೇಗೆ ಬಂದ್ರಿ?”

“ಸೈಕಲ್ಲಲ್ಲಿ. ಬೆಳಗಿನಿಂದ ಅದರ ಮೇಲೇ ಇದ್ದೀನಿ.”

“ಅಯ್ಯೋ, ಸೀಟು ಒತ್ತಿದ್ರೂ ನಂಬರ್ ಏರಬಹುದು. ಎರಡು ದಿನ ಸೈಕಲ್ ಹೊಡೀದೆ ಬನ್ನಿ.”

“ನೋಡಿದ್ಯಾ? ಯೋಚನೆ ಮಾಡೋಕೆ ಟೈಮ್ ಸಿಕ್ತು,” ಅಂದರು ಭಾವ.

ಪೋಸ್ಟ್‌ಮ್ಯಾನ್ ಜೇಬಿನಿಂದ ಸೈಕಲ್ ಕೀ ತೆಗೆದು ಅವರ ಕೈಗಿಟ್ಟ.

“ಎರಡು ದಿನ ಸೈಕಲ್ ನಿಮ್ಮನೇಲಿ ಇಟ್ಕೊಳ್ಳಿ. ಟಪಾಲು ನಡೆದೇ ಹಂಚ್ತೀನಿ.”

“ಆಪರೇಷನ್ ಆದಮೇಲೆ ನಾನೂ ಆ ಸೀಟಿನ ಮೇಲೆ ಕೂರೋ ಹಾಗಿಲ್ಲ ಕಣೋ.”

“ತಳ್ಕೊಂಡು ಹೋಗಿ.”

ಕಿಟಕಿಯಿಂದ ನೋಡಿದೆ. ಪೋಸ್ಟ್‌ಮ್ಯಾನ್ ಚೀಲ ಹೆಗಲಿಗೇರಿಸಿ ಮುಂದೆ ನಡೆದಿದ್ದ. ಭಾವ ಗೊಣಗುತ್ತಲೇ ಹಿಂದೆ ಸೈಕಲ್ ತಳ್ಳುತ್ತಿದ್ದರು.