ಜೂರಾಲದ ನೀರಿನ ದೀಪ

ನಗಬ್ಯಾಡ ಅಂದ್ನೆಲ್ಲಾ! ಮೊದಲ ಕನ್ನಡಿ ಸರಿಗೆ ಹಿಡಿ. ಅಯ್ಯಯ್ಯಯ್ಯ... ಈ ಬಾಜೂ ಮೀಸಿ ಐತಿ, ಆ ಬಾಜೂ ಇಲ್ಲ! ಬೀರಪ್ಪನ ಪೂಜಾರಿ ಉರುಕುಂದಪ್ಪನ ಮಾರಿ, ಅರ್ಧ ಉಣ್ಣಿ ಕತ್ತರಿಸಿ ಬಿಟ್ಟ ಕುರಿಯಂಗ ಆಗೈತಿ. ನಗು, ನಗು. ಕಟಗೊಂಡ ಹೆಂಡತಿನೇ ನಕ್ಕರ, ಹೊರಗ ಬೇವಿನ ಗಿಡದ ಬುಡಕ ಕುಂತ ಹಿರ್‍ಯಾರು ಸುಮ್ಮನಿರತಾರೇನು?

ಕರಿಯಾಕ ಬಂದ್ರೇನು ನೋಡು ಜರಾ... ಇಲ್ಲಾ? ಬರತಾರ. ಜಲ್ದಿ ಬರತಾರ. ಆ ನಾಗಯ್ಯ ಬಿಡತಾನೇನು? ನಮ್ಮ ದೊಡ್ಡಪ್ಪನ ಮಗ ಅಂತ ಹೆಸರಿಗೆ. ಪೂಜಾರಿಕಿ ಯಾವಾಗ ಈ ಮನಿ ಬಿಟ್ಟು ತನ್ನ ಮನಿಗೆ ಬಂದೀತು ಅಂತ ಬಾಯಿ ತಕ್ಕೊಂಡು ಕುಂತಾನ. ನಿನ್ನಿ ಅಮಾಸಿ ಸಂಜಿಕಿ ಗುಡಿ ದೀಪ ಭಗ್ಗಂತ ಎದ್ದು ನನ್ನ ಮೀಸಿ ಸುಟ್ಟಿದ್ದ, ಎಂಕಮ್ಮತ್ತಿ ಸೆರಗಿಗೆ ಕಿಡಿ ಹಾರಿದ್ದ... ಬೆಳಿಗ್ಗೆ ಇಂವ ಪಂಚಾಯ್ತಿ ಕೂಡಿಸಿದ! ಎಂಕಮ್ಮತ್ತಿಗೆ ಏನಾಗಿಲ್ಲ ಬಿಡು. ಸೆರಗು ಸುಟ್ಟೈತಿ, ಬಾಯಿ ಸುಟ್ಟಿಲ್ಲ. ಮುಂಜಾನಿಂದ ಬೈಯಾಕ ಹತ್ಯಾಳ.

ಅವ್ರು ಏನು ಕೇಳ್ಯಾರ ಗೊತ್ತೈತೆಲ್ಲ? ಬೀರಪ್ಪನ ಭಂಡಾರ, ಆ ಅರಿಷಿಣ ಪುಡಿ ಕೈಯಾಗ ಹಿಡದು ಆಣಿ ಮಾಡಬೇಕಂತ. "ದೀಪದಾಗ ಜೂರಾಲ ಡ್ಯಾಮಿನ ನೀರು ಬಿಟ್ರ, ಈ ಮನಿ ಕೈ ಬ್ಯಾರೆ ಏನೂ ಹಾಕಿಲ್ಲ." ಅಷ್ಟೇ. ಆಣಿ ಮಾಡಿದ್ರ ಪೂಜಾರಿಕಿ ನಮ್ಮದು. ಇಲ್ಲಂದ್ರ ಗುಡಿ ಬೀಗದ ಕೈ ನಾಗಯ್ಯನ ಉಡದಾರಕ್ಕ!

ಮಾಡತೀನಿ. ಮಾಡಾಕ ಏನು? ಮಾಡತೀನಿ... ಯಾಕ ಹಂಗ ನೋಡತೀ?

ನೀ ಕಂಡೀ ಇಲ್ಲ, ಹ್ವಾದ ಅಮಾಸಿಗೆ? ನೀನೇ ಇದ್ದಿ. ಮುಂಜಾನಿ ಎಣ್ಣಿ ಡಬ್ಬಿ ಖಾಲಿ ಇತ್ತು. "ಪೂಜಾರಿ ದೇವರ ಎಣ್ಯಾಗ ಮಿರ್ಚಿ ಕರಕೊಂಡು ತಿಂದಾನ" ಅಂತ ನಾಗಯ್ಯ ಮಂದ್ಯಾಗ ಅಂದ. ನನಗ ಸಿಟ್ಟು ನೆತ್ತಿಗೇರಿತು. "ಬೀರಪ್ಪ ಖರೇ ಇದ್ರ ಸಂಜಿಕಿ ಬರೇ ನೀರಿನ ಮ್ಯಾಲ ದೀಪ ಉರೀತೈತಿ, ಬಂದು ನೋಡಲೇ" ಅಂದುಬಿಟ್ನಿ. ಅಂದ ಮ್ಯಾಲ ಸಂಜಿತನಕ ಒಳಗ ಹೊರಗ ತಿರುಗಿದ್ನಿ. ನೀ ಎಂದಿನಂಗ ಹೋಗಿ ಹಣತಿ ತಳಕ್ಕ ಭಂಡಾರ ಹಾಸಿ ಬಂದಿ. ಅದು ಪೂಜಾರಿ ಹೆಂಡತಿ ಕೆಲಸ, ನಿಮ್ಮತ್ತಿನೂ ಮಾಡತಿದ್ಲು.

ಸಂಜಿಕಿ ಆತಲ್ಲ! ಬಿಂದಿಗಿ ನೀರು ಬಿಟ್ನಿ, ಬುಸ್ ಅಂತು. ಕರ್ಪೂರ ಇಟ್ನಿ... ಹತ್ತಿತು ಕುರುಮಮ್ಮಾ! ನೀರು ಹತ್ತಿತು! ನಾ ಅತ್ತುಬಿಟ್ನಿ. ನಮ್ಮಪ್ಪ, ಅವರಪ್ಪ, ಇಷ್ಟು ಮಂದಿ ಬೀರಪ್ಪನ ಮುಂದ ಡೊಳ್ಳು ಬಾರಿಸಿದ್ರು, ಯಾರಿಗೂ ಕೊಡಲಿಲ್ಲ, ನನಗ ಕೊಟ್ಟ. ಮರುದಿನ ನೋಡಿದ್ರ ಹಳದಿ ಭಂಡಾರ ಕೆಂಪ ಕುಂಕುಮ ಆಗಿತ್ತು. ಗುಡ್ಯಾಗ ಬೆಳ್ಳುಳ್ಳಿ ನಾತ ಒಂದು ಬಂತು ಬಿಡು, ಅದು ಎಂಕಮ್ಮತ್ತಿ ತಿಂದು ಬಂದಿದ್ಲು ಅಂತ ನಾನೇ ಬೈದ್ನಿ.

ಆಮ್ಯಾಲ ಬಂದಳು ನೋಡು ಆಕಿ, ಮಕ್ತಲ್ ಕಾಲೇಜಿನ ರಜಿತಾ ಮೇಡಂ. ಗುಡಿ ಕಟ್ಟಿ ಮ್ಯಾಲ ಕುಂತು, "ನೀಳ್ಳು ಮಂಡವು, ಪೂಜಾರೀ." ನೀರು ಉರಿಯಂಗಿಲ್ಲಂತ! ಯಾಕಮ್ಮಾ ಅಂದ್ನಿ. ಹೈಡ್ರೋಜನ್ ಅಂತ ಒಂದು ಗಾಳಿ ಐತಂತ, ಅದು ಉರೀತೈತಂತ. ಉರದು, ನಾವು ಉಸಿರಾಡೋ ಆಕ್ಸಿಜನ್ ಕೂಡ ಕೂಡಿದ್ರ ಉಳಿಯೋದೇ ನೀರಂತ. "ಒಲ್ಯಾಗ ಕಟಿಗಿ ಉರದು ಬೂದಿ ಆದ ಮ್ಯಾಲ, ಬೂದಿಗೆ ಮತ್ತ ಬೆಂಕಿ ಹತ್ತತೈತೇನು? ನೀರಂದ್ರ ಮೊದಲೇ ಸುಟ್ಟು ಮುಗದ ಬೂದಿ" ಅಂದ್ಲು. ಕೃಷ್ಣಾ ಹೊಳಿ ತುಂಬ ಬೂದಿ ಹರೀತೈತೇನಬೇ? ಕರೆಂಟ್ ಕೊಟ್ಟು ನೀರು ಒಡದ್ರ ಆ ಗಾಳಿ ಮತ್ತ ಬರತೈತಂತ, ಆದ್ರ ಒಡಿಯಾಕ ಹಾಕಿದಷ್ಟು ಉರಿ ವಾಪಸ್ ಬರಂಗಿಲ್ಲಂತ.

"ಮತ್ತ ನಮ್ಮ ಹಣತಿ ಹೆಂಗ ಉರೀತು?" ಅಂದ್ನಿ. ಆಗ ನಕ್ಕಳು. ಕಾರ್ಬೈಡ್ ಕಲ್ಲು ಇದ್ರ ಹಂಗಾಕ್ಕತಿ ಅಂದ್ಲು. ಕಲ್ಲಿಗೆ ನೀರು ಬಿದ್ರ ಬುಸ್ ಅಂತ ಒಂದು ಗ್ಯಾಸ್ ಎದ್ದು, ಅದು ಉರೀತೈತಂತ, ನೀರಲ್ಲ. ಬೆಳ್ಳುಳ್ಳಿ ನಾತ ಅದರದಂತ. ಕಡೀಕ ಉಳಿಯೋದು ಸುಣ್ಣ. "ಅರಿಷಿಣಕ್ಕ ಸುಣ್ಣ ಕೂಡಿದ್ರ ಕೆಂಪಾಗೋದು ಆರತಿ ನೀರು ಕಲಸೋ ಹೆಣಮಕ್ಕಳಿಗೆಲ್ಲ ಗೊತ್ತೈತೆಲ್ಲ" ಅಂದ್ಲು. ಅಂಥಾ ಕಲ್ಲು, ನೀ ಬ್ಯಾಸಗ್ಯಾಗ ಗದ್ವಾಲದ ಮಾವಿನ ಗೋದಾಮಿಗೆ ಕೂಲಿಗೆ ಹೋಗತಿದ್ದೆಲ್ಲ, ಅಲ್ಲಿ ಕಾಯಿ ಹಣ್ಣಾಗಲಿ ಅಂತ ಪುಡಿಕಿ ಕಟ್ಟಿ ಬುಟ್ಯಾಗ ಇಡತಿದ್ರಲ್ಲ, ಅದೇ.

ಏ, ಕನ್ನಡಿ! ಬೀಳಸ್ತಿದ್ದೆಲ್ಲ!

ನಾ ಆಕಿಗೆ ಅಂದ್ನಿ, ಮೇಡಂ, ಕಲ್ಲು ಹಾಕಿಲ್ಲ, ಬರೇ ನೀರು. ಕಣ್ಣಾಗ ಕಣ್ಣಿಟ್ಟು ಅಂದ್ನಿ. ಖರೇನ ಹಾಕಿದ್ದಿಲ್ಲಲ್ಲ! ಆದ್ರ ಹೋಗೋ ಮುಂದ ಆಕಿ ನನ್ನ ತಲ್ಯಾಗ ಹುಳ ಬಿಟ್ಟು ಹೋದ್ಲು ನೋಡು. ಈ ಅಮಾಸಿಗೆ ಉರೀಲಿಲ್ಲಂದ್ರ? ಬಾಜೂ ಹಳ್ಳಿ ನಾರ್ವದಿಂದ ಮಂದಿ, ಮದ್ದೂರಿಂದ ಮಂದಿ, ಎಲ್ಲಾರೂ ಫೋನ್ ಹಿಡಕೊಂಡು... ಉರೀಲಿಲ್ಲಂದ್ರ ಹೆಂಗ?

ಏನು? ಏನೂ ಇಲ್ಲ. ಸುಮ್ಮನ ಅಂದ್ನಿ.

ಯಾಕ ಹಂಗ ನೋಡತೀ ಅಂತ ಕೇಳಿದ್ನೆಲ್ಲಾ? ನೀ ಬೈದ್ರ ತಡಕೋತೀನಿ, ಹಿಂಗ ದಿಟ್ಟಿಸಿದ್ರ... ಹೌದು! ಹಾಕಿದ್ನಿ! ಆತಾ? ನಿನ್ನಿ ಹಾಕಿದ್ನಿ. ವೆಲ್ಡಿಂಗ್ ಮಾಡೋ ಕರಿಬಸಯ್ಯನ ಕಡಿಂದ ತಂದಿದ್ನಿ, ಸಣ್ಣ ಲಿಂಬಿಕಾಯಷ್ಟು. ನೀ ಹಾಸಿದ ಭಂಡಾರದಾಗ ಒತ್ತಿ ಇಟ್ನಿ. ಬೀರಪ್ಪಗ ಜರಾ ಕೈ ಹಚ್ಚಿದ್ನಿ ಅಷ್ಟೇ. ಮೋಸ ಅಲ್ಲದು! ಹ್ವಾದ ಸಲ ಅಂವ ಉರಿಸ್ಯಾನ, ಈ ಸಲ ಮರತಿದ್ರ ಅಂತ... ಅಂವಗೂ ಎಷ್ಟು ಕುರಿ ಕಾಯೋದೈತಿ.

ಆದ್ರ ಅಷ್ಟು ಕಲ್ಲಿಗೆ ಉರಿ ಅಷ್ಟೆತ್ತರ ಹೆಂಗ ಎದ್ದಿತು? ಕರಿಬಸಯ್ಯ ತೋರಿಸಿದಾಗ ಗೇಣುದ್ದ ಇತ್ತು. ನಿನ್ನಿ ಗುಡಿ ಛತ್ತಿಗೆ ಬಡೀತು! ಅದಕ್ಕ ಅಂತೀನಿ, ಅಂವ ಮರತಿದ್ದಿಲ್ಲ. ಅಂವನೂ ಹಚ್ಚಿದ, ನಾನೂ ಹಚ್ಚಿದ್ನಿ. ಎರಡೂ ಕೂಡಿ ಎದ್ದಾವ. ನನ್ನ ಮೀಸಿ ಸುಟ್ಟು ಬೈದಾನ ಅಂವ, "ನನ್ನ ಮ್ಯಾಲ ನಂಬಿಕಿ ಇಲ್ಲೇನಲೇ" ಅಂತ.

ಡೊಳ್ಳು... ಕೇಳಿಸ್ತಾ? ಕರಿಯಾಕ ಹತ್ಯಾರ.

ಕುರುಮಮ್ಮಾ, ಒಂದು ಮಾತು ನಡಸಿಕೊಡು. ಭಂಡಾರ ಹಿಡದು ನಾ ಸುಳ್ಳು ಹೇಳಾಕ ಆಗಂಗಿಲ್ಲ. ನಾಲಿಗಿ ಸೇದಿ ಹೋಗತೈತಿ, ಹಟ್ಟ್ಯಾಗ ಕುರಿ ಉಳಿಯಂಗಿಲ್ಲ. ನೀ ಮಾಡು ಆಣಿ. "ನನ್ನ ಕೈ ಏನೂ ಹಾಕಿಲ್ಲ" ಅನ್ನು, ಸಾಕು. ಪೂಜಾರಿ ಹೆಂಡತಿ ಆಣಿ ನಡೀತೈತಿ, ಹಿರ್‍ಯಾರು ಒಪ್ಪತಾರ. ನಿನಗ ಏನೂ ಗೊತ್ತಿದ್ದಿಲ್ಲ, ಈಗ ತಾನ ಹೇಳೀನಿ. ನಿಂದು ಚೊಕ್ಕ ಕೈ. ನಿನ್ನ ಬಾಯಾಗ ಅದು ಸುಳ್ಳಲ್ಲಬೇ!

ಯಾಕ ಅಳತೀ? ಹೆದರಬ್ಯಾಡ. ಬಾ, ಇಲ್ಲೇ ಒಮ್ಮಿ ಹಿಡದು ನೋಡು. ಕೈ ಚಾಚು... ಬಲಗೈ. ಸೆರಗಿನಾಗ ಯಾಕ ಮುಚ್ಚತೀ? ಮುಂಜಾನಿ ಹಟ್ಟಿ ಹಿಂದ ಒಲಿ ಬೂದಿ ಹೂಳಾಕ ಅಂತ ಹೋಗಿ ಬಂದಾಗಿಂದ ಮುಚಗೊಂಡೇ ಕುಂತಿ. ಸುಟ್ಟೈತೇನು? ತೆರಿ. ಎಷ್ಟು ಬೆವತೈತಬೇ ಇದು! ತಗೋ ಭಂಡಾರ. ಮುಷ್ಟಿ ಹಿಡಿ. ಈಗ ಅನ್ನು, "ನನ್ನ ಕೈ..."

ಅನ್ನು ಮತ್ತ.

ಕುರುಮಮ್ಮಾ?

ಬೆರಳು ಬಿಡಸು. ನೋಡೋಣ... ಬಿಡಸು ಅಂದ್ನಿ.

ನಾ ಹಳದಿ ಹಾಕಿದ್ನಿ.

ಇದು... ಗೆರಿಗೆರಿಯಾಗ ಕೆಂಪಾಗಾಕ ಹತ್ತೈತಿ. ನೀ ಎಲಿ ಅಡಿಕಿ ತಿನ್ನಾಕಿ ಅಲ್ಲ. ಸುಣ್ಣ ಎಲ್ಲಿಂದ ಬಂತು ನಿನ್ನ ಕೈಗೆ?

ಏನು ಹೂಳಿ ಬಂದಿ ಹಟ್ಟಿ ಹಿಂದ? ಉಳದ ಕಲ್ಲೇನು?

ಓಹೋ... ನಿನ್ನಿ ನೀನೂ ಹಾಕಿದ್ದಿ. ಅದಕ್ಕ ಛತ್ತಿಗೆ ಬಡೀತು. ಆತು, ಆತು, ಅಳಬ್ಯಾಡ. ಇಬ್ಬರೂ ಅಂಜಿದ್ವಿ, ಇಬ್ಬರೂ ಹಾಕಿದ್ವಿ. ನಿನ್ನಿ ಅಮಾಸಿ ಹ್ವಾಗಲಿ. ನಾನೇ ಹೋಗಿ ಖರೇ ಹೇಳತೀನಿ, ಬೀಗದ ಕೈ ನಾಗಯ್ಯಗ ಒಗದು ಬರತೀನಿ. ಪೂಜಾರಿಕಿ ಹ್ವಾದ್ರ ಹ್ವಾತು. ಹ್ವಾದ ಅಮಾಸಿ ನನಗ ಐತಿ, ಅದನ್ನ ಯಾರೂ ಕಸಗೊಳ್ಳಂಗಿಲ್ಲ... ಅಲ್ಲಾ?

ತಲಿ ಎತ್ತು.

ಆ ದಿನಾ ನೀ ಬರೇ ಭಂಡಾರ ಹಾಸಿ ಬಂದಿ ಹೌದಿಲ್ಲೋ? ಹೌದನ್ನು. ಒಂದು ಸಲ ಹೌದನ್ನು, ಸುಳ್ಳರೆ ಹೇಳು! ಕುರುಮಮ್ಮಾ...

ನಾ ಬರೇ ನೀರು ಹಾಕಿದ್ನೆಲ್ಲಬೇ. ಬರೇ ನೀರು.